ಯಜಮಾನ ಮಂಗ ಕಲಿಯುವುದಿಲ್ಲ
ಈ ವಾರ ಚಿಂಚಲಿ ಮಾಯಕ್ಕನ ಗುಡಿ ಹತ್ತಿರ ಒಂದು ಮರಿಮಂಗ ನೀರಿನ ಬಾಟಲಿಯ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿ ತಿರುವುತ್ತಿತ್ತು. ಅದರ ತೊಡೆಗೆ ತೊಡೆ ತಾಗಿಸಿ ಇನ್ನೆರಡು ಮರಿಗಳು ರೆಪ್ಪೆ ಮಿಟುಕಿಸದೆ ಕೂತಿದ್ದವು. ಗೋಡೆ ಮೇಲಿನ ದೊಡ್ಡ ಗಂಡಿಗೆ ಅದರ ಪರಿವೆಯೇ ಇಲ್ಲ. ಯಾಕೆ ಬೇಕು, ಭಕ್ತರ ಬಾಳೆಹಣ್ಣು ತಾನಾಗಿಯೇ ಅದರ ಮುಂದೆ ಬೀಳುತ್ತದೆ. ‘ಮಂಗ್ಯಾ ನೋಡಿದ್ದೆಲ್ಲಾ ಮಾಡ್ತದ’ ಅನ್ನುವುದು ಅರ್ಧ ಖರೆ. ಯಾರು ಪಕ್ಕಕ್ಕೆ ಕೂರಗೊಡುತ್ತಾರೋ ಅವರಿಂದಷ್ಟೇ ಅದರ ಕಲಿಕೆ. ಜಪಾನಿನ ಕೋಶಿಮಾ ದ್ವೀಪದಲ್ಲಿ 1953ರಲ್ಲಿ ಇಮೋ ಎಂಬ ಒಂದೂವರೆ ವರ್ಷದ ಹೆಣ್ಣುಮರಿ ಗೆಣಸಿಗೆ ಹತ್ತಿದ ಮರಳನ್ನು ತೊಳೆದು ತಿಂದಿತು. ಆಟದ ಜೊತೆಗಾರರು ಕಲಿತರು, ತಾಯಿ ಕಲಿತಳು. 1958ರ ಹೊತ್ತಿಗೆ ಎರಡರಿಂದ ಏಳು ವರ್ಷದ 19 ಮಂಗಗಳಲ್ಲಿ 15 ತೊಳೆಯುತ್ತಿದ್ದವು. ದೊಡ್ಡವು 11ರಲ್ಲಿ ಎರಡೇ, ಅವೂ ಹೆಣ್ಣು. ಯಜಮಾನರ ಬಾಯಲ್ಲಿ ಮರಳೇ. ನಿಪ್ಪಾಣಿ ಸಂತೆಯಲ್ಲೂ ಹಾಗೇ, ಫೋನಿನಲ್ಲಿ ದುಡ್ಡು ಹಾಕುವುದನ್ನು ಅಜ್ಜಿ ಮೊಮ್ಮಗಳಿಂದ ಕಲಿತಾಯಿತು, ಗೌಡರು ಇನ್ನೂ ಆಳನ್ನೇ ಕೂಗುತ್ತಾರೆ. ತಲೆ ಮೇಲೆ ಟೋಪಿಯಂಥ ಕೂದಲಿನ ನಮ್ಮ ದಕ್ಷಿಣದ ಮಂಗಗಳಲ್ಲಿ ಉತ್ತರದ ರೀಸಸ್ ಮಂಗಗಳಷ್ಟು ದರ್ಪವಿಲ್ಲ. ಗಂಡುಗಂಡೇ ಅಪ್ಪಿ ಕೂತು ಮೈ ಹೆಕ್ಕುತ್ತವೆ, ಹಾಗಾಗಿ ನೋಡಿ ಕಲಿಯಲು ಜಾಗ ಹೆಚ್ಚು. ಇವು ನಮ್ಮನ್ನೂ ನೋಡುತ್ತವೆ. ಬಂಡೀಪುರದಲ್ಲಿ ಇವು ‘ಕೂ’ ಎಂದು ಕೈಚಾಚಿ ಮನುಷ್ಯರಿಂದ ತಿಂಡಿ ಕೇಳುವುದನ್ನು ಬೆಂಗಳೂರಿನ ನಿಯಾಸ್‌ ಸಂಶೋಧನಾ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದರು. ಕೇಳಿ, ಮುಖ ನೋಡುತ್ತ ಕಾಯುತ್ತವಂತೆ. ಕಸಿದು ಓಡುವ ಮಂಗಕ್ಕಿಂತ ಹೀಗೆ ಕೇಳುವ ಮಂಗವೇ ನನಗೆ ಹೆಚ್ಚು ಅಪಾಯದ್ದು ಅನ್ನಿಸುತ್ತದೆ: ನಾವು ಕೊಟ್ಟುಬಿಡುತ್ತೇವೆ.