ನೆಲ ಕದಲಿದ್ದು ಆಕಾಶಕ್ಕೆ ಗೊತ್ತಾಗುವುದು ಹೇಗೆ?

ಗೋಡೆಯಲ್ಲಿ ಬಿರುಕು ಕಂಡಾಗ ಅನುಭವಿ ಮೇಸ್ತ್ರಿ ತಕ್ಷಣ ಕರಣೆ ಕೈಗೆತ್ತಿಕೊಳ್ಳುವುದಿಲ್ಲ. ಬಿರುಕು ಎಲ್ಲಿಗೆ ನಿಂತಿದೆಯೋ ಅಲ್ಲೊಂದು ಪೆನ್ಸಿಲ್ ಗೆರೆ ಎಳೆದು, ಪಕ್ಕದಲ್ಲಿ ತಾರೀಕು ಬರೆದು ಹೋಗುತ್ತಾನೆ. ಎರಡು ತಿಂಗಳು ಬಿಟ್ಟು ಬಂದಾಗ ಬಿರುಕು ಗೆರೆ ದಾಟಿದ್ದರೆ ತಳಪಾಯ ಇನ್ನೂ ಕೂರುತ್ತಿರಬೇಕು ಎಂದು ಅನುಮಾನಿಸುತ್ತಾನೆ; ದಾಟಿರದಿದ್ದರೆ ಮೆತ್ತಿ ಸುಣ್ಣ ಹೊಡೆಯುತ್ತಾನೆ. ಎರಡನೆಯ ಸಲ ಬಂದು ನೋಡಿದ್ದು ಎಷ್ಟು ಮುಖ್ಯವೋ, ಮೊದಲ ಸಲ ತಾರೀಕು ಬರೆದಿಟ್ಟದ್ದೂ ಅಷ್ಟೇ ಮುಖ್ಯ.

ನೆಲದ ಚಲನೆ ಅಳೆಯುವ ರೇಡಾರ್ ಉಪಗ್ರಹಗಳು ಮಾಡುವುದೂ ಇದೇ ಕೆಲಸ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ನೆನಪಿರಬಹುದು. ಇಸ್ರೊ ಒಂದು ರೇಡಾರ್ ಮಾಡಿತು, ನಾಸಾ ಇನ್ನೊಂದು. ಎರಡನ್ನೂ ಉಪಗ್ರಹಕ್ಕೆ ಜೋಡಿಸಿದ್ದು ನಮ್ಮ ಬೆಂಗಳೂರಿನಲ್ಲಿ. ಸುಮಾರು 747 ಕಿ.ಮೀ. ಎತ್ತರದಲ್ಲಿ ಸುತ್ತುವ ಅದು 12 ದಿನಕ್ಕೊಮ್ಮೆ ಹಿಂದಿನ ದಾರಿಯಲ್ಲೇ ಮರಳಿ ಬರುತ್ತದೆ. ಉಡಾವಣೆಯ ದಿನ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಅದು ಮತ್ತೆ ಮತ್ತೆ ಬರುತ್ತದೆಂಬುದೇ ಅದರ ನಿಜವಾದ ಬೆಲೆ ಎಂಬ ಮಾತು ಅಷ್ಟಾಗಿ ಕೇಳಿಬರಲಿಲ್ಲ.

ಅಷ್ಟು ಎತ್ತರದಿಂದ ಸೆಂಟಿಮೀಟರ್ ಲೆಕ್ಕ ಸಿಗುವುದಾದರೂ ಹೇಗೆ? ರೇಡಾರ್ ತನ್ನ ತರಂಗವನ್ನು ತಾನೇ ಕಳಿಸುತ್ತದೆ, ಆದ್ದರಿಂದ ಅದಕ್ಕೆ ಕತ್ತಲೆಯೂ ಮೋಡವೂ ಅಡ್ಡಿಯಲ್ಲ. ನೆಲಕ್ಕೆ ತಾಗಿ ಮರಳಿದ ತರಂಗ ಎಷ್ಟು ಬಲವಾಗಿತ್ತು ಎಂಬುದರ ಜೊತೆಗೆ, ಮರಳಿದ ಗಳಿಗೆಯಲ್ಲಿ ಅದು ಏರಿನಲ್ಲಿತ್ತೋ ಇಳಿತದಲ್ಲಿತ್ತೋ ಎಂಬುದನ್ನೂ ಅದು ದಾಖಲಿಸಿಕೊಳ್ಳುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆ ಪ್ರಾವಸ್ಥೆ ಎಂದು ಹೆಸರು. ಒಂದೇ ಭೇಟಿಯ ಪ್ರಾವಸ್ಥೆಯಿಂದ ಏನೂ ತಿಳಿಯದು. ಕಲ್ಲು, ಪೊದೆ, ಸೂರು ಎಲ್ಲ ಸೇರಿ ಅದನ್ನು ಕಲಸುಮೇಲೋಗರ ಮಾಡಿರುತ್ತವೆ. ಆದರೆ 12 ದಿನದ ಮೇಲೂ ಅದೇ ಕಲ್ಲು, ಅದೇ ಸೂರು ಅಲ್ಲೇ ಇದ್ದರೆ ಎರಡನೆಯ ಚಿತ್ರದಲ್ಲೂ ಅದೇ ಕಲಸುಮೇಲೋಗರ ಇರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ಅದು ಕರಗಿಹೋಗುತ್ತದೆ. ಬೆಟ್ಟದ ಏರುತಗ್ಗು, ಉಪಗ್ರಹ ತನ್ನ ದಾರಿಯಿಂದ ತುಸು ಸರಿದದ್ದು, ಇವುಗಳ ಪಾಲನ್ನೂ ತೆಗೆದ ಮೇಲೆ ಉಳಿಯುವುದರಲ್ಲಿ ನೆಲದ ಚಲನೆ ಇರುತ್ತದೆ.

ಸೊಳ್ಳೆಪರದೆಯ ಎರಡು ಪದರಗಳನ್ನು ಒಂದರ ಮೇಲೊಂದು ಹಿಡಿದು ಬೆಳಕಿಗೆ ನೋಡಿ. ಒಂದನ್ನು ಕೂದಲೆಳೆಯಷ್ಟು ಸರಿಸಿದರೂ ದೊಡ್ಡ ದೊಡ್ಡ ಅಲೆಯಂಥ ಪಟ್ಟೆಗಳು ಪರದೆಯುದ್ದಕ್ಕೂ ಓಡುತ್ತವೆ. ಕಣ್ಣಿಗೆ ಕಾಣದ ಸಣ್ಣ ಸರಿತವನ್ನು ಆ ಪಟ್ಟೆಗಳು ದೊಡ್ಡದು ಮಾಡಿ ತೋರಿಸುತ್ತವೆ. ರೇಡಾರ್ ಚಿತ್ರಗಳ ಜೋಡಿಯಲ್ಲೂ ಇಂಥ ಪಟ್ಟೆಗಳೇ ಮೂಡುತ್ತವೆ. ಯುರೋಪಿನ ರೇಡಾರ್ ಉಪಗ್ರಹ ಸೆಂಟಿನೆಲ್–1ರ ತರಂಗಾಂತರ ಸುಮಾರು 5.6 ಸೆಂ.ಮೀ. ನೆಲ ಉಪಗ್ರಹದಿಂದ 2.8 ಸೆಂ.ಮೀ. ದೂರ ಸರಿದರೆ, ತರಂಗ ಹೋಗುವಾಗ ಅಷ್ಟು, ಬರುವಾಗ ಅಷ್ಟು ಹೆಚ್ಚು ದಾರಿ ಸವೆಸಬೇಕು. ಅಲ್ಲಿಗೆ ಒಂದು ಇಡೀ ತರಂಗದಷ್ಟು ವ್ಯತ್ಯಾಸವಾಯಿತು, ಚಿತ್ರದಲ್ಲಿ ಒಂದು ಪಟ್ಟೆ ಮೂಡಿತು. ಪಟ್ಟೆ ಎಣಿಸಿ 2.8ರಿಂದ ಗುಣಿಸಿದರೆ ಲೆಕ್ಕ ಸಿಕ್ಕಿತು.

ಈ ವಿಧಾನ ಮೊದಲು ಜಗತ್ತಿನ ಕಣ್ಣಿಗೆ ಬಿದ್ದದ್ದು 1992ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಲ್ಯಾಂಡರ್ಸ್‌ನಲ್ಲಿ ಆದ ಭೂಕಂಪದ ಬಳಿಕ. ಫ್ರಾನ್ಸಿನ ದಿದಿಯೆ ಮಸೊನೆ ಮತ್ತು ಸಂಗಡಿಗರು ಇಆರ್‌ಎಸ್–1 ಉಪಗ್ರಹ ಭೂಕಂಪಕ್ಕೆ ಮೊದಲು ಮತ್ತು ಆಮೇಲೆ ತೆಗೆದ ಚಿತ್ರಗಳನ್ನು ಜೋಡಿಸಿದರು. ಬಿರಿದ ಮರುಭೂಮಿಯ ಸುತ್ತ ಪಟ್ಟೆಗಳು ಬಳುಕಿ ನಿಂತ ಆ ಚಿತ್ರ 1993ರಲ್ಲಿ ‘ನೇಚರ್’ ಪತ್ರಿಕೆಯ ಮುಖಪುಟಕ್ಕೆ ಬಂತು.

ಭೂಕಂಪವಾದರೆ ಉಪಗ್ರಹವಿಲ್ಲದೆಯೂ ಗೊತ್ತಾಗುತ್ತದೆ. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಸದ್ದಿಲ್ಲದೆ ನಡೆಯುವ ಚಲನೆ. ದೆಹಲಿ ವಿಮಾನ ನಿಲ್ದಾಣದ ಮಗ್ಗುಲಿನ ಕಾಪಸಹೇಡಾವನ್ನೇ ನೋಡಿ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು 2014ರಿಂದ ಸೆಂಟಿನೆಲ್–1 ತೆಗೆದ ಚಿತ್ರಗಳನ್ನು ಸಾಲಾಗಿ ಜೋಡಿಸಿತು. 2014–16ರ ಹೊತ್ತಿಗೆ ಅಲ್ಲಿನ ನೆಲ ವರ್ಷಕ್ಕೆ ಸುಮಾರು 11 ಸೆಂ.ಮೀ. ಕುಸಿಯುತ್ತಿತ್ತು, ಮುಂದಿನ ವರ್ಷಗಳಲ್ಲಿ ಅದು 17ರ ಆಸುಪಾಸಿಗೆ ಏರಿತು. ಕಾರಣ ಅಂತರ್ಜಲ. ಮಣ್ಣಿನ ಕಣಗಳ ನಡುವಿನ ನೀರನ್ನು ಪಂಪು ಹೀರಿಕೊಂಡಾಗ ಕಣಗಳು ಒತ್ತೊತ್ತಾಗಿ ಕೂರುತ್ತವೆ, ಮೇಲಿನ ನೆಲವೂ ಜೊತೆಗೇ ಇಳಿಯುತ್ತದೆ. ಮನೆಯವರಿಗೆ ಕಾಣುವುದು ಬಾಗಿಲು ಚೌಕಟ್ಟಿಗೆ ಕೂರದಿರುವುದು, ಅಷ್ಟೆ. ಅದೇ ಅಧ್ಯಯನದಲ್ಲಿ ದ್ವಾರಕಾ ಬಡಾವಣೆಯ ಕಥೆ ತಿರುಗುಮುರುಗು: ಮಳೆನೀರು ಇಂಗಿಸಿ, ಕೆರೆಗಳನ್ನು ಉಳಿಸಿಕೊಂಡು, ಪಂಪಿಗೆ ಕಡಿವಾಣ ಹಾಕಿದ ಮೇಲೆ ಕುಸಿಯುತ್ತಿದ್ದ ನೆಲ ನಿಧಾನವಾಗಿ ಮೇಲೆದ್ದಿತ್ತು. ಇಂಗುಗುಂಡಿ ತೋಡಿದವರ ಶ್ರಮ ಆಕಾಶದಿಂದ ಕಾಣಿಸಿದ್ದನ್ನು ಓದಿ ಮನಸ್ಸು ತುಂಬಿತು.

ಮಿತಿಗಳನ್ನೂ ಹೇಳಬೇಕು. ಗಾಳಿಯಲ್ಲಿನ ನೀರಾವಿ ತರಂಗವನ್ನು ತಡಮಾಡುತ್ತದೆ. ಮಳೆಗಾಲದ ಒಂದೇ ಜೋಡಿ ಚಿತ್ರವನ್ನು ನಂಬಿ ನೆಲ ಕುಸಿಯಿತು ಎನ್ನುವಂತಿಲ್ಲ. ಉಪಗ್ರಹಗಳು ಹೆಚ್ಚುಕಡಿಮೆ ಉತ್ತರ–ದಕ್ಷಿಣವಾಗಿ ಸುತ್ತುತ್ತ ಪಕ್ಕಕ್ಕೆ ನೋಡುವುದರಿಂದ, ಉತ್ತರಕ್ಕೋ ದಕ್ಷಿಣಕ್ಕೋ ಸರಿದ ನೆಲ ಅವುಗಳ ಲೆಕ್ಕಕ್ಕೆ ಅಷ್ಟಾಗಿ ಸಿಗದು. ಇನ್ನು ನಮ್ಮ ಘಟ್ಟದ ಕಾಡುಗಳಲ್ಲಿ 5.6 ಸೆಂ.ಮೀ. ತರಂಗ ಎಲೆಗೇ ತಾಗಿ ಮರಳುತ್ತದೆ. ಎಲೆ 12 ದಿನ ಇದ್ದಂತೆ ಇರುವುದಿಲ್ಲ, ಆದ್ದರಿಂದ ಎರಡು ಚಿತ್ರಗಳಿಗೆ ತಾಳೆಯೇ ಆಗುವುದಿಲ್ಲ. ನಿಸಾರ್‌ನಲ್ಲಿ ನಾಸಾ ಮಾಡಿದ ರೇಡಾರಿನ ತರಂಗ ಸುಮಾರು 24 ಸೆಂ.ಮೀ. ಉದ್ದದ್ದು, ಎಲೆಗಳ ನಡುವೆ ನುಸುಳಿ ಕೊಂಬೆ, ಕಾಂಡ, ನೆಲದವರೆಗೂ ಇಳಿಯಬಲ್ಲದು. ಪಶ್ಚಿಮ ಘಟ್ಟಕ್ಕೆ ಇದರಿಂದ ದೊಡ್ಡ ಉಪಕಾರವಾಗಬಹುದು. ಹಾಗೆಂದು 2018ರಲ್ಲಿ ಕೊಡಗಿನಲ್ಲಿ ಆದಂತೆ, ಸುರಿಮಳೆಗೆ ಗುಡ್ಡ ಒಮ್ಮೆಲೇ ಜಾರುವ ಗಳಿಗೆಯನ್ನು ಇದು ಮುಂಚಿತವಾಗಿ ಹೇಳುತ್ತದೆಂದು ಯಾರೂ ಭರವಸೆ ಕೊಡಬಾರದು. ತಿಂಗಳುಗಟ್ಟಲೆ ತೆವಳುವ ಇಳಿಜಾರನ್ನು ಇದು ಗುರುತಿಸಬಲ್ಲದು.

ಭೇಟಿಯೇ ತಪ್ಪಿದರೆ ಇದಾವುದೂ ಸಾಧ್ಯವಿಲ್ಲ. 2021ರ ಡಿಸೆಂಬರ್‌ನಲ್ಲಿ ಸೆಂಟಿನೆಲ್–1ರ ಜೋಡಿ ಉಪಗ್ರಹಗಳಲ್ಲಿ ಒಂದಾದ ಸೆಂಟಿನೆಲ್–1ಬಿ ವಿದ್ಯುತ್ ದೋಷದಿಂದ ಕೆಟ್ಟುನಿಂತಿತು. ಬದಲಿ ಉಪಗ್ರಹ ಹಾರಿದ್ದು 2024ರ ಡಿಸೆಂಬರ್‌ನಲ್ಲಿ. ನಡುವೆ ತಪ್ಪಿಹೋದ ಭೇಟಿಗಳನ್ನು ಈಗ ಎಷ್ಟು ದುಡ್ಡು ಸುರಿದರೂ ತುಂಬಲಾಗದು. ಅಂದಿನ ನೆಲ ಇಂದಿಲ್ಲ. ದತ್ತಾಂಶ ಇದ್ದೂ ಜನರಿಗೆ ಸಿಗದಿರುವುದು ಇನ್ನೊಂದು ಬಗೆಯ ನಷ್ಟ. 2023ರ ಜನವರಿಯಲ್ಲಿ, ಉತ್ತರಾಖಂಡದ ಜೋಶಿಮಠ 12 ದಿನಗಳಲ್ಲಿ 5.4 ಸೆಂ.ಮೀ. ಕುಸಿದಿದೆ ಎಂದು ಉಪಗ್ರಹ ಚಿತ್ರಗಳ ಆಧಾರದಲ್ಲಿ ಹೇಳಿದ ಇಸ್ರೊ ಅಂಗಸಂಸ್ಥೆಯ ವರದಿ, ಪ್ರಕಟವಾದ ಕೆಲವೇ ದಿನಗಳಲ್ಲಿ ಜಾಲತಾಣದಿಂದ ಮರೆಯಾಯಿತು. ಜನ ಗಾಬರಿಯಾಗುತ್ತಾರೆಂಬ ಅಳುಕು ಅರ್ಥವಾಗುತ್ತದೆ. ಆದರೆ ಆ ಊರಿನವರು ತಮ್ಮ ಗೋಡೆಯ ಬಿರುಕುಗಳನ್ನು ಆಗಲೇ ನೋಡುತ್ತಿದ್ದರು.

ನಿಸಾರ್‌ನ ದತ್ತಾಂಶ ಎಲ್ಲರಿಗೂ ಮುಕ್ತ ಎಂಬುದು ಅದರ ನೀತಿ. ಆದರೆ ಅದನ್ನು ಇಳಿಸಿಕೊಂಡು, ಲೆಕ್ಕಹಾಕಿ, ಸ್ಥಳಕ್ಕೆ ಹೋಗಿ ತಾಳೆನೋಡಿ, ಕನ್ನಡದಲ್ಲಿ ಗ್ರಾಮ ಪಂಚಾಯಿತಿಗೆ ತಲುಪಿಸುವ ಕೆಲಸವನ್ನು ನಾಸಾ ಬಂದು ಮಾಡುವುದಿಲ್ಲ. ರಾಜ್ಯ ಸರ್ಕಾರ ಅದಕ್ಕೆಂದೇ ಕೆಲವರನ್ನು ನೇಮಿಸಬೇಕು. ಬೇಸಿಗೆಯ ಚಿತ್ರಗಳಲ್ಲಿ ತೆವಳುವುದು ಕಂಡ ಇಳಿಜಾರುಗಳ ಪಟ್ಟಿ ಮೇ ತಿಂಗಳೊಳಗೆ ಸಿದ್ಧವಾಗಿರಬೇಕು. ಆ ಇಳಿಜಾರಿನ ಕೆಳಗಿನ ಲೈನ್‌ಮನೆಯಲ್ಲಿ ಮಲಗುವ ತೋಟದ ಕೆಲಸದವರಿಗೆ ಅದು ಮೊದಲ ಮಳೆಗೆ ಮುಂಚೆ ಗೊತ್ತಾಗಬೇಕು.