ತುದಿ ಮುಟ್ಟದೆ ಮರಳಿದರೆ ಸೋಲೇ?



‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆ ನನಗೆ ಸರಿಯಾಗಿ ಅರ್ಥವಾದದ್ದು ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಿನಲ್ಲಿ, ಚಳಿಗಾಲದ ಹೆಲ್ವೆಲಿನ್ ಬೆಟ್ಟದ ಮೇಲೆ. ಎತ್ತರ 950 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಅರ್ಧದಷ್ಟು. ಇದೇನು ಮಹಾ ಎಂದುಕೊಂಡೇ ಮಗನೊಂದಿಗೆ ಹೊರಟಿದ್ದೆ.

ತುದಿಗೆ ಹೋಗುವ ಸ್ಟ್ರೈಡಿಂಗ್ ಎಡ್ಜ್ ಎಂಬ ಬಂಡೆಯ ಏಣು ಕತ್ತಿಯಲಗಿನಂತಿದೆ. ಎರಡೂ ಕಡೆ ಇಳಿಜಾರು. ಕೈಯೂರಿ ಅರ್ಧ ದಾಟುವಷ್ಟರಲ್ಲಿ ಕಲ್ಲಿನ ಮೇಲೆಲ್ಲ ಹಿಮ ಗಾಜಿನಂತೆ ಗಟ್ಟಿಯಾಗಿತ್ತು. ನಮ್ಮ ಬಳಿ ಐಸ್ ಆಕ್ಸ್ ಇಲ್ಲ, ಬೂಟಿಗೆ ಕಟ್ಟುವ ಕ್ರ್ಯಾಂಪನ್ ಮುಳ್ಳುಗಳೂ ಇಲ್ಲ. “ಅಪ್ಪಾ, ಇನ್ನು ಸ್ವಲ್ಪವೇ ಇದೆ” ಎಂದ ಮಗ. ಬೇಡವೆಂದು ಹಿಂದಿರುಗಿಸಿದೆ.

ಮಕ್ಕಳಿಗೆ ನಾವು ಮೊದಲ ಸ್ಥಾನ, ಮೇಲಿನ ಮೆಟ್ಟಿಲು ಎಂದೇ ಹೇಳಿಕೊಡುತ್ತೇವೆ. ಎಲ್ಲಿ ನಿಲ್ಲಬೇಕೆಂದು ಹೇಳಿಕೊಡುವುದಿಲ್ಲ. ಅಲ್ಲಿ ಸಿಕ್ಕಿಕೊಂಡವರನ್ನು ಕಾಪಾಡಲು ಬರುವವರು ಸಂಬಳವಿಲ್ಲದ ಸ್ವಯಂಸೇವಕರು. ನಮ್ಮ ಹಟಕ್ಕಾಗಿ ಅವರ ಮನೆಮಂದಿ ಏಕೆ ಜೀವ ಕೈಯಲ್ಲಿ ಹಿಡಿದು ಕಾಯಬೇಕು?

ಚಳಿಗಾಲದಲ್ಲಿ ದಿನವೂ ಹೆಲ್ವೆಲಿನ್ ಹತ್ತಿ, ಹಿಮ ಹೇಗಿದೆಯೆಂದು ತಿಳಿಸುವುದಕ್ಕೇ ಜನರಿದ್ದಾರೆ. ಹೊರಡುವ ಮುನ್ನ ಆ ವರದಿ ಓದಿ. ಸಲಕರಣೆ, ಅಭ್ಯಾಸ ಇಲ್ಲದವರು ಬೇಸಿಗೆಗೆ ಕಾಯಿರಿ.

ತುದಿಯ ಫೋಟೋ ಸಿಗಲಿಲ್ಲವೆಂದು ಮಗ ಎರಡು ದಿನ ಮಾತು ಬಿಟ್ಟಿದ್ದ. ಚಿಂತೆಯಿಲ್ಲ, ಮುನಿಸಿಕೊಂಡು ಕೂತಿದ್ದು ಮನೆಯಲ್ಲೇ ಅಲ್ಲವೇ!