ಬಾಕ್ಸ್ ಎಣಿಸಬ್ಯಾಡ್ರಿ, ಓಮ್ ಲೆಕ್ಕ ಹಾಕ್ರಿ (ಭಾಗ 3)

ಮೇಲವಂಕಿ ಇರಲಿ, ಗೋಕಾಕ ಇರಲಿ, ಜಾತ್ರಿ, ಗಣಪತಿ, ಮದವಿ ಮೆರವಣಿಗಿ ಬಂತಂದ್ರ ಸೌಂಡ್‌ನವನಿಗೆ ಕೇಳೋ ಮೊದಲನೇ ಮಾತು: "ಬಾಕ್ಸ್ ಎಷ್ಟು ತರ್ತೀ?" ನನ್ನ ಪ್ರಕಾರ ಪ್ರಶ್ನೆನೇ ತಪ್ಪು. "ಎಲ್ಲಾ ಕೂಡಿ ಎಷ್ಟು ಓಮ್?" ಅಂತ ಕೇಳಬೇಕು.

ಇಂಪೀಡೆನ್ಸ್ ಅಂದ್ರ ಆಂಪ್ಲಿಫೈಯರ್‌ನಿಂದ ಬರೋ ಕರೆಂಟಿಗೆ ಸ್ಪೀಕರ್ ಒಡ್ಡೋ ತಡೆ. ಬಾಕ್ಸಿನ ಹಿಂದ 4 ಇಲ್ಲಾ 8 ಓಮ್ ಅಂತ ಬರೆದಿರ್ತಾರ. ಲೆಕ್ಕ ಹತ್ತನೇ ಕ್ಲಾಸಿನ ವಿದ್ಯುತ್ ಪಾಠದ್ದೇ:

🔹 ಸರಣಿ: ಕೂಡಿಸ್ರಿ. 8 + 8 = 16 ಓಮ್.
🔹 ಸಮಾಂತರ, ಎಲ್ಲಾ ಒಂದೇ ಓಮಿನವು: ಭಾಗಿಸ್ರಿ. ಎರಡಕ್ಕ 8 ÷ 2 = 4. ನಾಲ್ಕಕ್ಕ 8 ÷ 4 = 2.
🔹 ಸಮಾಂತರ, ಒಂದು 8, ಒಂದು 4: ಗುಣಾಕಾರ 32, ಮೊತ್ತ 12. 32 ÷ 12, ಅಂದ್ರ ಸುಮಾರು 2.7. ಇದರಾಗ 4 ಓಮಿನ ಬಾಕ್ಸ್ ಇನ್ನೊಂದರ ಎರಡು ಪಟ್ಟು ಪವರ್ ಎಳೀತೈತಿ.
🔹 ನಾಲ್ಕು 8 ಓಮಿನವು: ಎರಡೆರಡು ಸರಣಿ ಮಾಡಿ (16, 16), ಆ ಎರಡು ಜೋಡಿ ಸಮಾಂತರ ಕೊಟ್ರ ಮತ್ತ 8.

ಬಹಳ ಮಂದಿ ಎಡವೋದು ಇಲ್ಲೇ: ಒಂದು ಬಾಕ್ಸಿನ ಹಿಂದಿನ ಸಾಕೆಟ್‌ನಿಂದ ಇನ್ನೊಂದಕ್ಕ ಕೇಬಲ್ ಹಾಕಿದ್ರ ಸಾಲಾಗಿ ಕಾಣತೈತಿ, ಆದ್ರ ಒಳಗ ಸಾಮಾನ್ಯವಾಗಿ ಅದು ಸಮಾಂತರ. ಟಾಕಿಗೆ ಇನ್ನೊಂದು ನಳ ಹಚ್ಚಿದಂಗ. ತಡೆ ಕಡಿಮಿ, ಹರಿವು ಜಾಸ್ತಿ. ಆಂಪ್ ಮ್ಯಾಲ "ಕನಿಷ್ಠ 4 ಓಮ್" ಅಂತಿದ್ದು ನೀವು 2 ಓಮ್ ಕೊಟ್ರ, ಅಷ್ಟೇ ವೋಲ್ಟೇಜಿಗೆ ಎರಡು ಪಟ್ಟು ಕರೆಂಟ್ ಕೊಡಬೇಕಾಗ್ತೈತಿ. ಕಾಯ್ತೈತಿ. ಪ್ರೊಟೆಕ್ಷನ್ ಇದ್ರ ಬಂದ್ ಆಗ್ತೈತಿ, ಇಲ್ಲಂದ್ರ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡ್ತಾವ.

"ಓಮ್ ಇಳಿಸಿದ್ರ ಸೌಂಡ್ ಏರ್ತೈತಲ್ಲ?" ಅಂತೀರಿ. ಖರೆ, ಆಂಪ್ ತಡಕೊಳ್ಳೋ ಮಟ ಏರ್ತೈತಿ. ಆದ್ರ ಪವರ್ ಎರಡು ಪಟ್ಟು ಆದ್ರ ಸಿಗೋದು 3 ಡೆಸಿಬಲ್ ಅಷ್ಟೇ. ಕಿವಿಗೆ "ಎರಡು ಪಟ್ಟು ಜೋರು" ಅನ್ಸಾಕ ಸುಮಾರು 10 ಡೆಸಿಬಲ್ ಬೇಕು, ಅಂದ್ರ ಹತ್ತು ಪಟ್ಟು ಪವರ್. ಆ 3 ಡೆಸಿಬಲ್‌ಗೋಸ್ಕರ ಆಂಪ್ ಸುಡೋದು ಯಾವ ಶಾಣ್ಯಾತನ?

ಸುಟ್ಟ ಮ್ಯಾಲ ರೊಕ್ಕ ಯಾರ ಕಿಸೆಯಿಂದ ಹೋಗ್ತೈತಿ? "ಇನ್ನೆರಡು ಹಚ್ಚಲೇ" ಅಂದವರು ಮನಿಗೆ ಹೋಗಿರ್ತಾರ. ಸಾಲ ಮಾಡಿ ಸೆಟ್ ತಂದ ಹುಡುಗ, ನಮ್ಮ ವಯಸ್ಸಿನವನೇ, ಒಬ್ಬನೇ ಕುಂತು ರಿಪೇರಿ ಲೆಕ್ಕ ಹಾಕ್ತಿರ್ತಾನ. ಅದಕ್ಕ ನನ್ನ ಮಾತು ಇಷ್ಟೇ: ಸೌಂಡ್‌ನವನು "ಆಗಂಗಿಲ್ಲ" ಅಂದ್ರ ಅದು ಅಂಜಿಕಿ ಅಲ್ಲ, ಲೆಕ್ಕ. ಜಾಸ್ತಿ ಬಾಕ್ಸ್ ಬೇಕಾದ್ರ ಜಾಸ್ತಿ ಆಂಪಿನ ಬಾಡಿಗಿನೂ ಕಮಿಟಿ ಕೊಡಬೇಕು.

ನೆನಪಿರಲಿ: ಮಲ್ಟಿಮೀಟರ್ ಹಿಡಿದ್ರ 8 ಓಮಿನ ಸ್ಪೀಕರ್ ಸುಮಾರು 6 ತೋರಿಸ್ತೈತಿ. ಕೆಟ್ಟಿಲ್ಲ, ಮೀಟರ್ ಅಳಿಯೋದು ಡಿಸಿ ತಡೆ ಮಾತ್ರ.

ಸೇವ್ ಮಾಡ್ಕೋರಿ, ಕಮಿಟಿಯಾಗಿರೋ ದೋಸ್ತಗ ಕಳಿಸ್ರಿ. ಭಾಗ 4: ಗುಡಿ ಹಾರ್ನಿನ 100 ವೋಲ್ಟ್ ಲೈನ್. ಅಲ್ಲಿ ಓಮ್ ಬದಲು ವ್ಯಾಟ್ ಕೂಡಿಸಬೇಕು.

#ಮೇಲವಂಕಿ #ಗೋಕಾಕ #ಸೌಂಡ್_ಲೆಕ್ಕ